ಪಟಕ್ಕೊಂದು ಹೂವು

ಹೂವಿಲ್ಲದ ದೇವರ ಪಟವನ್ನು ಮೈಸೂರಿನವರು ಸಹಿಸಲಾರರು. ಗೋಡೆಯ ಮೇಲೆ ಲಕ್ಷ್ಮಿಯೋ ವೆಂಕಟರಮಣನೋ ಬರಿದಾಗಿ ನಿಂತಿದ್ದರೆ, ಮನೆಗೆ ಬಂದ ನೆಂಟರು ಕಾಫಿ ಕುಡಿಯುತ್ತಲೇ ಅತ್ತ ಒಮ್ಮೆ ಕಣ್ಣು ಹಾಯಿಸಿ, "ಯಾಕೆ, ಇವತ್ತು ಹೂವಿನವಳು ಬರ್ಲಿಲ್ವೇ?" ಅನ್ನುತ್ತಾರೆ. ಕೇಳುವ ದನಿ ಮೆತ್ತಗಿದ್ದರೂ ಒಳಗೊಂದು ಆಕ್ಷೇಪಣೆ ಇದ್ದೇ ಇರುತ್ತದೆ. ಚಾಮುಂಡಿಪುರದ ನಮ್ಮ ಮನೆಯಲ್ಲಿ ಅಮ್ಮ ಬೆಳಿಗ್ಗೆ ಹೂವು ಹಂಚುವುದನ್ನು ನೋಡಬೇಕು. ಒಂದು ಮಾರು ಮಲ್ಲಿಗೆ ಕೊಂಡು, ಬಾಳೆಲೆಯ ಪೊಟ್ಟಣ ಬಿಚ್ಚಿ, ಮೊದಲ ತುಂಡು ಬೆಟ್ಟದ ತಾಯಿಗೆ, ಎರಡನೆಯದು ನಂಜುಂಡೇಶ್ವರನಿಗೆ, ಆಮೇಲೆ ರಾಯರಿಗೆ, ಕೊನೆಗೆ ಅಜ್ಜ ಅಜ್ಜಿಯ ಫೋಟೋಗೆ. ಉಳಿದದ್ದು ಅವಳ ಮುಡಿಗೆ. ಚಳಿಗಾಲದಲ್ಲಿ ಮಲ್ಲಿಗೆ ಕೈಗೆ ಎಟುಕದಂತಾದಾಗ ಕಾಕಡ ಬರುತ್ತದೆ. ಅದೂ ದುಬಾರಿಯಾದರೆ ಹಿತ್ತಲಿನ ನಂದಬಟ್ಟಲು ಇದ್ದೇ ಇದೆ. ದೇವರುಗಳಲ್ಲಿ ಯಾರೂ ಇದುವರೆಗೆ ತಕರಾರು ತೆಗೆದಿಲ್ಲ.

ಈ ಹಂಚಿಕೆಗೆ ಇಟಲಿಯ ಒಬ್ಬ ತಾಯಿಯೂ ಸೇರಿಕೊಂಡಿದ್ದಾಳೆ. ಅವಳು ನಮ್ಮ ಮನೆಗೆ ಬಂದದ್ದು ರಷ್ಯದ ದಾರಿಯಿಂದ. ನವಕರ್ನಾಟಕದವರು ಸೋವಿಯತ್ ಪುಸ್ತಕಗಳನ್ನು ಕಡಲೆಕಾಯಿ ಬೆಲೆಗೆ ಮಾರುತ್ತಿದ್ದ ಕಾಲದಲ್ಲಿ ಲೆನಿನ್‌ಗ್ರಾಡಿನಲ್ಲಿ ಅಚ್ಚಾದ ದಪ್ಪ ಚಿತ್ರಸಂಪುಟವೊಂದನ್ನು ಕೊಂಡಿದ್ದೆ. ಎರ್ಮಿತಾಜ್ ಮ್ಯೂಸಿಯಮ್ಮಿನ ಚಿತ್ರಗಳು. ಕಾಗದ ಗಟ್ಟಿ, ಬಣ್ಣ ಗಟ್ಟಿ, ಹೊಲಿಗೆ ಮಾತ್ರ ಸಡಿಲ. ವರ್ಷಗಳು ಕಳೆದಂತೆ ಹಾಳೆಗಳು ಒಂದೊಂದಾಗಿ ಬಿಡಿಸಿಕೊಂಡು ಬಂದವು. ಹಾಗೆ ಕೈಗೆ ಬಂದ ಒಂದು ಹಾಳೆಯಲ್ಲಿ ಲಿಯೊನಾರ್ಡೊ ದ ವಿಂಚಿ ಬರೆದ ತಾಯಿ ಮಗು ಇದ್ದರು. ಕಟ್ಟು ಹಾಕಿಸೋಣ ಎಂದು ಫ್ರೇಮಿನ ಅಂಗಡಿಗೆ ಒಯ್ದೆ.

ಅಂಗಡಿಯವನು ಹಾಳೆಯನ್ನು ಬೆಳಕಿಗೆ ಹಿಡಿದು, "ಸಾರ್, ಇದು ದೇವರ ಪಟವೋ ಸೀನರಿಯೋ?" ಎಂದ.

"ಯಾಕಪ್ಪಾ?"

"ದೇವರ ಪಟಕ್ಕಾದ್ರೆ ಗೋಲ್ಡ್ ಬೀಡಿಂಗು. ಸೀನರಿಗೆ ಕಪ್ಪು."

ಕಲೆಯ ಚರಿತ್ರೆ ಬರೆಯುವವರು ದಪ್ಪ ಪುಸ್ತಕಗಳಲ್ಲಿ ಜಗ್ಗಾಡುವ ಪ್ರಶ್ನೆಯನ್ನು ಅವನು ಎರಡು ಬೀಡಿಂಗಿನಲ್ಲಿ ಮುಗಿಸಿದ್ದ. ನಾನು ಯೋಚಿಸುತ್ತಾ ನಿಂತದ್ದನ್ನು ನೋಡಿ ಅವನೇ ತೀರ್ಮಾನ ಕೊಟ್ಟ: "ತಾಯಿ ಮಗು ಅಲ್ವಾ ಸಾರ್, ಗೋಲ್ಡೇ ಹಾಕ್ತೀನಿ ಬಿಡಿ."

ಗೋಲ್ಡ್ ಬೀಡಿಂಗು ಹಾಕಿಸಿಕೊಂಡು ಬಂದ ಮೇಲೆ ಅಮ್ಮನಿಗೆ ಸಂಶಯವೇ ಉಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಮಲ್ಲಿಗೆಯ ಒಂದು ತುಂಡು ಆ ಪಟದ ನೆತ್ತಿಗೂ ಏರಿತು. "ಮೇರಿಯಮ್ಮ ಕಣಮ್ಮಾ ಅದು" ಎಂದೆ. "ಯಾರಾದ್ರೇನು, ಮಗು ಎತ್ಕೊಂಡಿದ್ದಾಳೆ" ಅಂದಳು. ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, "ಅಲ್ವೋ, ಅಷ್ಟು ಎಳೇ ಮಗು ಕೈಗೆ ಹೂವು ಕೊಟ್ಟಿದ್ದಾಳಲ್ಲ, ಬಾಯಿಗೆ ಹಾಕ್ಕೊಂಡ್ರೆ?" ಎಂದು ಗಾಬರಿಪಟ್ಟಳು. ಈ ಚಿತ್ರದ ಬಗ್ಗೆ ನಾನು ಓದಿರುವ ಟಿಪ್ಪಣಿಗಳಲ್ಲಿ ಇದಕ್ಕಿಂತ ಹತ್ತಿರದಿಂದ ನೋಡಿ ಆಡಿದ ಮಾತು ಕಡಿಮೆ.

ಚಿತ್ರದಲ್ಲಿ ಇರುವುದು ಇಷ್ಟು. ಮಬ್ಬುಗತ್ತಲಿನ ಒಂದು ಕೋಣೆ. ಹಿಂದೆ ಕಿಟಕಿ, ಕಿಟಕಿಯಾಚೆ ಆಕಾಶ ಬಿಟ್ಟರೆ ಮರವಿಲ್ಲ, ಗುಡ್ಡವಿಲ್ಲ. ಇನ್ನೂ ಹುಡುಗುತನ ಬಿಡದ ತಾಯಿ, ಎತ್ತಿ ಹೆಣೆದ ಕೂದಲು, ಎದೆಯ ಮೇಲೊಂದು ಪದಕ. ಅವಳು ಬಾಯಿ ತುಸು ತೆರೆದು ನಗುತ್ತಿದ್ದಾಳೆ. ತೊಡೆಯ ಮೇಲೆ ಬೆತ್ತಲೆ ಮಗು, ತಾಯಿಗಿಂತ ಗಂಭೀರ. ಅವಳು ಹಿಡಿದಿರುವ ಸಣ್ಣ ಹೂವಿನ ಕಡ್ಡಿಯನ್ನು ಅದು ನೋಡುತ್ತಿರುವ ರೀತಿಯಲ್ಲೇ ಚಿತ್ರದ ಸೊಗಸೆಲ್ಲ ಇದೆ. ಒಂದು ಕೈಯಿಂದ ತಾಯಿಯ ಕೈಯನ್ನು ಗಟ್ಟಿಯಾಗಿ ಹಿಡಿದು ಅಲುಗದಂತೆ ನಿಲ್ಲಿಸಿಕೊಂಡಿದೆ, ಇನ್ನೊಂದು ಕೈ ಹೂವಿಗೆ. ಕಣ್ಣು ಕೈ ಎರಡನ್ನೂ ಒಂದೇ ಗುರಿಗೆ ತರಲು ಎಳೆಯ ಕೂಸು ಪಡುವ ಪಾಡನ್ನು ನೋಡಿದವರಿಗೆ ಇದು ಗೊತ್ತು. ಹಿಡಿಯಲು ಹೋದದ್ದು ತಪ್ಪುತ್ತದೆ, ಮತ್ತೆ ಹೋಗುತ್ತದೆ, ಹುಬ್ಬು ಗಂಟಾಗುತ್ತದೆ. ಇಬ್ಬರ ತಲೆಯ ಮೇಲೂ ಕೂದಲೆಳೆಯಷ್ಟು ತೆಳುವಾದ ಪ್ರಭೆಯ ಉಂಗುರ ಇದೆ. ಅದು ಇರದಿದ್ದರೆ ಇದು ಯಾರ ಮನೆಯ ನಡುಮಧ್ಯಾಹ್ನವೂ ಆಗಬಹುದಿತ್ತು.

1478ರ ಕೊನೆಯಲ್ಲಿ, ಇಪ್ಪತ್ತಾರರ ಹರೆಯದ ಲಿಯೊನಾರ್ಡೊ ತನ್ನ ಒಂದು ಹಾಳೆಯ ಮೇಲೆ, ಕನ್ಯಾ ಮೇರಿಯ ಎರಡು ಚಿತ್ರಗಳನ್ನು ಶುರುಮಾಡಿದ್ದಾಗಿ ಗುರುತು ಹಾಕಿಕೊಂಡಿದ್ದಾನೆ. ಆ ಎರಡರಲ್ಲಿ ಒಂದು ಇದೇ ಎಂದು ಬಹಳ ಮಂದಿ ನಂಬುತ್ತಾರೆ. ಅಳತೆಯಲ್ಲಿ ಸಣ್ಣದು, ಸುಮಾರು 50 ಸೆಂಟಿಮೀಟರ್ ಎತ್ತರ, 33 ಅಗಲ. ನಮ್ಮ ಪಡಸಾಲೆಯ ರಾಯರ ಪಟ ಇದಕ್ಕಿಂತ ದೊಡ್ಡದು. ಅರಮನೆಗೋ ದೊಡ್ಡ ಗುಡಿಗೋ ಬರೆದ ಅಳತೆ ಇದಲ್ಲ, ಮನೆಯ ಗೋಡೆಯದು. ಅದು ಹೇಗೋ ರಷ್ಯ ಸೇರಿತು. ಅಸ್ತ್ರಖಾನಿನಲ್ಲಿ ಊರೂರು ಅಲೆಯುವ ಇಟಲಿಯ ಸಂಗೀತಗಾರನಿಂದ ಕೊಂಡದ್ದು ಎಂಬ ಕತೆ ಇದೆ. ಕತೆ ಚೆನ್ನಾಗಿದೆ, ನಂಬಬೇಕಾಗಿಲ್ಲ. ಸಪೋಝ್ನಿಕೊವ್ ಎಂಬ ವ್ಯಾಪಾರಿ ಮನೆತನದ ಮಗಳು ಮರಿಯಾ, ವಾಸ್ತುಶಿಲ್ಪಿ ಲಿಯೊನ್ ಬೆನುವಾನನ್ನು ಮದುವೆಯಾದಾಗ ಚಿತ್ರವೂ ಆ ಮನೆಗೆ ಬಂತು. 1909ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಪ್ರದರ್ಶನವೊಂದರಲ್ಲಿ ಇಟ್ಟ ಮೇಲೆ ಜಗತ್ತಿಗೆ ಅದರ ಸುದ್ದಿ ಮುಟ್ಟಿತು. ವಿದೇಶದ ವ್ಯಾಪಾರಿಗಳು ಹಣದ ಚೀಲ ಹಿಡಿದು ಓಡಿಬಂದರು. ಆಕೆ ಮಾತ್ರ ಚಿತ್ರ ರಷ್ಯದಲ್ಲೇ ಉಳಿಯಲಿ ಎಂದು 1914ರಲ್ಲಿ ಎರ್ಮಿತಾಜಿಗೇ ಮಾರಿದಳು. ಬೆನುವಾ ಮಡೋನ್ನ ಎಂಬ ಹೆಸರು ನಿಂತದ್ದು ಹೀಗೆ.

ಇಲ್ಲಿ ಮೈಸೂರಿಗೊಂದು ಸಣ್ಣ ಎಳೆ ಬಂದು ತಾಗುತ್ತದೆ. ಲಿಯೊನ್ ಬೆನುವಾನ ತಮ್ಮ ಅಲೆಕ್ಸಾಂಡರ್ ಬೆನುವಾ ಮತ್ತು ಚಿತ್ರಕಾರ ನಿಕೊಲಾಯ್ ರೋರಿಕ್ ಅಂದಿನ ಪೀಟರ್ಸ್‌ಬರ್ಗಿನಲ್ಲಿ ಒಂದೇ ಕಲಾಬಳಗದವರು. ಆ ರೋರಿಕ್ ಹಿಮಾಲಯಕ್ಕೆ ಬಂದು ನೆಲೆಸಿದ, ಮಗ ಸ್ವೆತೊಸ್ಲಾವ್ ನಟಿ ದೇವಿಕಾ ರಾಣಿಯ ಕೈಹಿಡಿದು ಬೆಂಗಳೂರಿನ ಹೊರಗೆ ತಾತಗುಣಿಯಲ್ಲಿ ಬದುಕಿದ. ರೋರಿಕರ ಚಿತ್ರಗಳು ನಮ್ಮ ಜಗನ್ಮೋಹನ ಅರಮನೆಯಲ್ಲಿ ತೂಗಾಡುತ್ತಿವೆ. ಬೆನುವಾ ಮನೆಯವರನ್ನು ಕಂಡ ಕಣ್ಣು, ಮೈಸೂರಿನ ಗೋಡೆ. ಇದರಿಂದ ಏನನ್ನೂ ಸಾಧಿಸಲು ನಾನು ಹೊರಟಿಲ್ಲ. ಲಲಿತ ಪ್ರಬಂಧದವನಿಗೆ ಇಂಥ ಎಳೆ ಸಿಕ್ಕರೆ ಸುಮ್ಮನೆ ಎಳೆದು ನೋಡದೆ ಇರಲಾಗುವುದಿಲ್ಲ.

ಎಲ್ಲರಿಗೂ ಈ ತಾಯಿ ಹಿಡಿಸಿದಳು ಎನ್ನುವಂತಿಲ್ಲ. ಬರ್ನಾರ್ಡ್ ಬೆರೆನ್ಸನ್ ಎಂಬ ದೊಡ್ಡ ವಿಮರ್ಶಕ ಅವಳನ್ನು ಕಂಡು ಮುಖ ಸಿಂಡರಿಸಿದ. ಹಣೆ ಬೋಳು, ಕೆನ್ನೆ ಊದಿದೆ, ಬಾಯಲ್ಲಿ ಹಲ್ಲೇ ಕಾಣುವುದಿಲ್ಲ ಎಂದು ದೂರಿದ. ಆತ ನೋಡಿದ್ದು ಹೆಣ್ಣು ನೋಡಲು ಹೋದ ಗಂಡಿನ ಕಡೆಯವರ ನೋಟ ಎಂದು ನನ್ನ ಗುಮಾನಿ. ಮಗುವನ್ನು ಆಡಿಸುತ್ತಾ ತನ್ನನ್ನು ಯಾರು ನೋಡುತ್ತಿದ್ದಾರೆಂಬ ಪರಿವೆ ಬಿಟ್ಟ ತಾಯಂದಿರ ಮುಖ ಹೀಗೇ ಇರುತ್ತದೆ. ಅವರು ಆ ಹೊತ್ತಿನಲ್ಲಿ ಚೆಂದ ಕಾಣಲು ಕೂತಿರುವುದಿಲ್ಲ.

ಇನ್ನು ಹೂವಿಗೆ ಬರಬೇಕು. ನಾಲ್ಕೇ ಎಸಳು, ಶಿಲುಬೆಯ ಆಕಾರ. ಬಲ್ಲವರು ಹೇಳುವುದು, ಮುಂದೆ ಆ ಮಗು ಏರಬೇಕಾದ ಶಿಲುಬೆಯ ಸೂಚನೆ ಅದು ಎಂದು. ಯೂರೋಪಿನ ಆ ಕಾಲದ ಭಕ್ತಿಚಿತ್ರಗಳಲ್ಲಿ ಮಗುವಿನ ಕೈಗೆ ಏನು ಕೊಟ್ಟರೂ ಅದರೊಳಗೆ ಸಾವು ಅಡಗಿ ಕೂತಿರುತ್ತದೆ. ಲಿಯೊನಾರ್ಡೊನ ಇನ್ನೊಂದು ತಾಯಿ, ಮ್ಯೂನಿಕ್ಕಿನಲ್ಲಿರುವವಳು, ಮಗುವಿನ ಮುಂದೆ ಹಿಡಿದಿರುವುದು ಕೆಂಪು ಕಾರ್ನೇಷನ್. ಶಿಲುಬೆಯ ಕೆಳಗೆ ನಿಂತ ಮೇರಿಯ ಕಣ್ಣೀರು ಬಿದ್ದಲ್ಲಿ ಹುಟ್ಟಿದ ಹೂವು ಅದು ಎಂದು ಅಲ್ಲಿಯವರ ಐತಿಹ್ಯ. ಬೊಟಿಚೆಲ್ಲಿ ದಾಳಿಂಬೆ ಕೊಟ್ಟ, ಬಿರಿದ ಹಣ್ಣಿನ ಕೆಂಪು ನೆತ್ತರನ್ನು ನೆನಪಿಸುತ್ತದೆ. ರಾಫೆಲ್ ಒಂದು ಪುಟ್ಟ ಹಕ್ಕಿ ಕೊಟ್ಟ. ಮುಳ್ಳಿನ ಕಿರೀಟದಿಂದ ಮುಳ್ಳು ಕೀಳಲು ಹೋಗಿ ಮುಖಕ್ಕೆ ರಕ್ತದ ಕಲೆ ಅಂಟಿಸಿಕೊಂಡ ಹಕ್ಕಿಯಂತೆ ಅದು. ಆಟದ ಸಾಮಾನು ಎಂದು ಕೈಗಿಟ್ಟದ್ದೆಲ್ಲ ಮರಣದ ಮುಂಗಡ.

ನಮ್ಮ ಕಡೆಯವರಿಗೆ ಇದು ಹೊಂದುವುದು ಕಷ್ಟ. ಕೃಷ್ಣನಿಗೂ ಬಾಣ ಕಾದಿತ್ತು. ಜರನೆಂಬ ಬೇಡ, ಅಶ್ವತ್ಥದ ಕೆಳಗೆ ಒರಗಿದ್ದವನ ಪಾದವನ್ನು ಜಿಂಕೆಯೆಂದು ಬಗೆದು ಹೊಡೆದ ಬಾಣ. ಕತೆ ಎಲ್ಲರಿಗೂ ಗೊತ್ತು. ಆದರೂ ಯಾವ ಚಿತ್ರಗಾರನೂ ಯಶೋದೆಯ ತೊಡೆಯ ಮೇಲಿನ ಕೂಸಿನ ಕೈಗೆ ಬಾಣ ಕೊಟ್ಟಿಲ್ಲ. ಬೆಣ್ಣೆ ಕೊಟ್ಟಿದ್ದಾನೆ. ದಾಸರೂ ಅಷ್ಟೆ, ಯಶೋದೆಯನ್ನು ಎಷ್ಟು ಬಗೆಯಲ್ಲಿ ಹಾಡಿದರೂ ಪ್ರಭಾಸದ ಕಾಡನ್ನು ತೊಟ್ಟಿಲ ಬಳಿಗೆ ತಂದು ಹೆದರಿಸಲಿಲ್ಲ. ಇದು ನಮ್ಮ ಹೆಚ್ಚುಗಾರಿಕೆ ಎಂದು ಬೀಗುವುದೂ ಬೇಡ. ಹೂವಿನಲ್ಲೇ ಮುಳ್ಳನ್ನು ನೋಡುವ ಅಭ್ಯಾಸದಿಂದ ಇಟಲಿಯವರ ತಾಯಂದಿರ ಕಣ್ಣಿಗೆ ಒಂದು ಆಳ ಬಂದಿದೆ. ಬೆಲ್ಲಿನಿಯ ಮಡೋನ್ನಗಳನ್ನು ನೋಡಿದರೆ ತಿಳಿಯುತ್ತದೆ, ಮಗುವನ್ನು ಹಿಡಿದಿದ್ದರೂ ಅವರು ನೋಡುತ್ತಿರುವುದು ಬೇರೆ ಏನನ್ನೋ. ಬೆನುವಾ ಮಡೋನ್ನ ಮಾತ್ರ ಈ ಸಾಲಿಗೆ ಸೇರಲು ಒಪ್ಪುವುದಿಲ್ಲ. ಶಿಲುಬೆಯ ಸುದ್ದಿಯನ್ನು ಅವಳಿಗೆ ಯಾರೂ ತಿಳಿಸಿಯೇ ಇಲ್ಲವೇನೋ ಎಂಬಂತೆ ನಗುತ್ತಾಳೆ. ಅದಕ್ಕೇ ಅವಳು ಯಶೋದೆಗೆ ಹತ್ತಿರದವಳು, ನಮ್ಮ ಮನೆಯ ಗೋಡೆಗೆ ಅಷ್ಟು ಸಲೀಸಾಗಿ ಒಗ್ಗಿದಳು.

ನಮ್ಮ ಊರಿನ ಯಶೋದೆಯನ್ನು ನೋಡಬೇಕಾದರೆ ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಗಳಿಗೆ ಹೋಗಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು ಪೋಷಿಸಿ ಬೆಳೆಸಿದ ಕಲೆ ಅದು. ಹುಣಸೆಯ ಬರಲು ಸುಟ್ಟ ಇದ್ದಿಲಿನಲ್ಲಿ ಮೊದಲ ಗೆರೆ, ಅಳಿಲಿನ ಕೂದಲಿನ ಕುಂಚ, ಗಿಡ ಕಲ್ಲುಗಳಿಂದ ತೆಗೆದ ಬಣ್ಣ. ಒಡವೆ, ಸೀರೆಯಂಚು, ಪ್ರಭಾವಳಿಗಳ ಜಾಗದಲ್ಲಿ ಸಫೇದ ಪುಡಿಯನ್ನೂ ರೇವಲ್‌ಚಿನ್ನಿ ಹಾಲನ್ನೂ ಅಂಟಿನ ಜೊತೆ ಅರೆದು ಎಳೆ ಎಳೆಯಾಗಿ ಉಬ್ಬುಗೆಲಸ ಮಾಡುತ್ತಾರೆ. ಅದರ ಮೇಲೆ ಚಿನ್ನದ ರೇಕು. ತಂಜಾವೂರಿನವರ ಉಬ್ಬು ಕಣ್ಣಿಗೆ ಹೊಡೆಯುವಷ್ಟು ದಪ್ಪ, ಮೈಸೂರಿನವರದು ಬೆರಳಿಟ್ಟರೆ ಮಾತ್ರ ತಿಳಿಯುವಷ್ಟು ನವುರು. ನಾನು ಮೈಸೂರಿನವನಾದ್ದರಿಂದ ತೀರ್ಪು ಕೊಡಲು ಅರ್ಹನಲ್ಲ, ಆದರೂ ಕೊಡುತ್ತೇನೆ, ನಮ್ಮದೇ ಚೆನ್ನ. ಲಿಯೊನಾರ್ಡೊಗಿಂತ ಹಿಂದಿನ ಇಟಲಿಯಲ್ಲೂ ಮರದ ಹಲಗೆಗೆ ಅಂಟು ಬೆರೆಸಿದ ಜಿಪ್ಸಮ್ ಹಿಟ್ಟು ಬಳಿದು, ಮೇಲೆ ಚಿನ್ನದ ರೇಕು ಹೊದಿಸಿ ಮೇರಿಯನ್ನು ಕೂರಿಸುತ್ತಿದ್ದರು. ಎರಡು ಕಡೆಯ ಚಿನ್ನವೂ ದೀಪದ ಬೆಳಕಿಗೆಂದೇ ಮಾಡಿದ್ದು. ಎಣ್ಣೆದೀಪದ ಕುಡಿ ಅಲುಗಿದರೆ ದೇವರ ಕಿರೀಟ ಅಲುಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಅದು ಹಳದಿ ಬಣ್ಣ, ಅಷ್ಟೇ.

ಮುಮ್ಮಡಿಯವರು 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆ 1915ರಿಂದ ಚಿತ್ರಶಾಲೆಯಾಗಿದೆ. ಬಂದ ನೆಂಟರನ್ನು ಅಲ್ಲಿಗೆ ಕರೆದೊಯ್ಯುವುದು ಮೈಸೂರಿಗರಿಗೆ ತಪ್ಪಿದ್ದಲ್ಲ. ನೆಂಟರೆಲ್ಲ ಹಲ್ದಣಕರ್ ಬರೆದ ದೀಪದ ಹೆಂಗಸಿನ ಮುಂದೆ ಹಿಂಡುಗಟ್ಟಿ, ಆಮೇಲೆ ರವಿವರ್ಮನ ಸೀರೆಗಳಿಗೆ ತಲೆದೂಗಿ, ಕಾಲು ನೋವೆಂದು ಹೊರಗೆ ಬರುತ್ತಾರೆ. ಸಾಂಪ್ರದಾಯಿಕ ಚಿತ್ರಗಳ ಮುಂದೆ ನಿಲ್ಲುವವರು ವಿರಳ. ಮನೆಯಲ್ಲಿ ಅಂಥದೇ ರಾಮಪಟ್ಟಾಭಿಷೇಕಕ್ಕೆ ದಿನವೂ ಕೈಮುಗಿಯುವವರು ಇಲ್ಲಿ ಬಿಡುಬೀಸಾಗಿ ನಡೆದುಬಿಡುತ್ತಾರೆ. ಯಾಕೆಂದರೆ ಇಲ್ಲಿ ಹೂವಿಲ್ಲ. ಇಡಗೊಡುವುದೂ ಇಲ್ಲ, ನೀರು ತಾಗಿದರೆ ಬಣ್ಣ ಕೆಡುತ್ತದೆ, ಅದು ಸರಿಯೇ. ಫ್ರೇಮಿನ ಅಂಗಡಿಯವನ ಲೆಕ್ಕದಲ್ಲಿ ಹೇಳುವುದಾದರೆ ದೇವರ ಪಟಗಳು ಇಲ್ಲಿ ಸೀನರಿಗಳಾಗಿವೆ. ಬೆನುವಾ ಮಡೋನ್ನಳಿಗೂ ಆದದ್ದು ಇದೇ. ಮರದ ಹಲಗೆಯಿಂದ ಬಣ್ಣದ ಪದರನ್ನೇ ಬಿಡಿಸಿ ಕ್ಯಾನ್ವಾಸಿಗೆ ದಾಟಿಸಿ ಅವಳನ್ನು ಉಳಿಸಿಕೊಂಡಿದ್ದಾರೆ, ಆ ಕೈಚಳಕಕ್ಕೆ ನಮಸ್ಕಾರ. ಆದರೆ ಐದು ಶತಮಾನಗಳ ಕೆಳಗೆ ಯಾರೋ ಫ್ಲಾರೆನ್ಸಿನ ಹೆಂಗಸು ಮಲಗುವ ಮುಂಚೆ ಅವಳ ಮುಂದೆ ಮಂಡಿಯೂರಲಿ ಎಂದು ಬರೆದ ಚಿತ್ರಕ್ಕೆ ಈಗ ಸಿಗುವುದು ಮೊಬೈಲುಗಳ ನಮನ.

ದೇವರ ಪಟಕ್ಕೆ ಹೂಮಾಲೆ ಹಾಕುವುದು ನಮ್ಮ ಕಡೆಯದು ಮಾತ್ರ ಎಂದು ತಿಳಿದಿದ್ದವರಿಗೆ ಯಾನ್ ಬ್ರೂಗೆಲ್ ಒಬ್ಬ ಸೋಜಿಗದ ಮನುಷ್ಯ. ಹದಿನೇಳನೆಯ ಶತಮಾನದ ಮೊದಲಲ್ಲಿ ಮಿಲಾನಿನ ಕಾರ್ಡಿನಲ್ ಫೆದೆರಿಕೊ ಬೊರ‍್ರೊಮೆಯೊಗಾಗಿ ಅವನು ಹೊಸದೊಂದು ಬಗೆಯ ಚಿತ್ರ ಶುರುಮಾಡಿದ: ನಡುವೆ ತಾಯಿ ಮಗುವಿನ ಪಟ, ಸುತ್ತ ದಪ್ಪನೆಯ ಹೂಮಾಲೆ, ಎರಡೂ ಬರೆದದ್ದೇ. ಗುಲಾಬಿ, ಟ್ಯುಲಿಪ್, ಲಿಲ್ಲಿ, ಐರಿಸ್, ಒಂದೊಂದು ಎಸಳಿಗೂ ನರ ಬಿಡಿಸಿದ್ದಾನೆ. ಮುಂದೆ ಸುಮಾರು 1617ರಲ್ಲಿ ರೂಬೆನ್ಸ್ ತಾಯಿ ಮಗುವನ್ನು ಬರೆದ, ಬ್ರೂಗೆಲ್ ಮಾಲೆಯನ್ನು ಬರೆದ, ಗುಂಡುಗುಂಡನೆಯ ದೇವದೂತರು ಮಾಲೆ ಹಿಡಿದು ಜೋತುಬಿದ್ದರು. ಆ ಚಿತ್ರವೂ ಮ್ಯೂನಿಕ್ಕಿನಲ್ಲೇ, ಲಿಯೊನಾರ್ಡೊನ ಕಾರ್ನೇಷನ್ ತಾಯಿ ಇರುವ ಮ್ಯೂಸಿಯಮ್ಮಿನಲ್ಲೇ ಇದೆ. ಚಳಿಗಾಲದಲ್ಲಿ ಎಲ್ಲ ಮಂಜಿನಡಿ ಹೋದಾಗ ಬರೆದ ಹೂವುಗಳನ್ನು ನೋಡಿ ಕಾರ್ಡಿನಲ್ ಸಂತೋಷಪಡುತ್ತಿದ್ದನಂತೆ. ಪಾಪ, ಅವನಿಗೆ ಕಾಕಡದ ಅನುಕೂಲ ಇರಲಿಲ್ಲ.

ಚಿಕ್ಕ ಗಡಿಯಾರದ ಎದುರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಅವನನ್ನು ಒಮ್ಮೆ ಕರೆತರಬೇಕಿತ್ತು ಅನ್ನಿಸುತ್ತದೆ. ಗೋಣಿಯ ಮೇಲೆ ಸುರಿದ ಸೇವಂತಿಗೆ, ಒದ್ದೆ ಬಟ್ಟೆಯ ಕೆಳಗೆ ಬೆಚ್ಚಗೆ ಉಸಿರಾಡುವ ಮಲ್ಲಿಗೆ, ಸುಗಂಧರಾಜದ ಹಾರಗಳು, ನಡುನಡುವೆ ಮರುಗ, ದವನ, ಪಚ್ಚೆತೆನೆ. ಕಟ್ಟುವವರ ಬೆರಳು ನೋಡುತ್ತಾ ನಿಂತರೆ ಕೊಳ್ಳಲು ಬಂದದ್ದು ಮರೆತುಹೋಗುತ್ತದೆ. ಬಾಳೆನಾರು, ಎರಡು ಮೊಗ್ಗು ಅತ್ತ, ಎರಡು ಮೊಗ್ಗು ಇತ್ತ, ಒಂದು ಸುತ್ತು, ಬಾಯಲ್ಲಿ ಪಕ್ಕದವಳ ಜೊತೆ ಜಗಳ, ಕೈ ತಪ್ಪುವುದಿಲ್ಲ. ಇಲ್ಲಿ ಕಟ್ಟಿದ ಮಾಲೆ ಯಾವ ದೇವರಿಗೆ ಎಂದು ಯಾರೂ ಕೇಳುವುದಿಲ್ಲ. ಬೆಟ್ಟಕ್ಕೂ ಹೋಗುತ್ತದೆ, ದರ್ಗಾಕ್ಕೂ ಹೋಗುತ್ತದೆ, ಸಂತ ಫಿಲೋಮಿನಾ ಚರ್ಚಿಗೂ ಹೋಗುತ್ತದೆ.

ಆ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು. ಜರ್ಮನಿಯ ಕಲೋನಿನ ಚರ್ಚನ್ನು ಕಣ್ಣಲ್ಲಿಟ್ಟುಕೊಂಡು ಎತ್ತಿದ, 175 ಅಡಿಯ ಜೋಡಿ ಗೋಪುರಗಳು. ಒಳಗಿನ ಬಣ್ಣದ ಗಾಜಿನ ಕಿಟಕಿಗಳಲ್ಲಿ ಕ್ರಿಸ್ತನ ಜನನವೂ ಇದೆ, ಶಿಲುಬೆಯೂ ಇದೆ. ಲಿಯೊನಾರ್ಡೊ ಒಂದು ಹೂವಿನಲ್ಲಿ ಮಡಿಸಿಟ್ಟದ್ದನ್ನು ಇಲ್ಲಿ ಬಿಡಿಸಿ ಬೇರೆ ಬೇರೆ ಕಿಟಕಿಗೆ ಹಾಕಿದ್ದಾರೆ. ಆದರೆ ಮೇರಿಗೆ ಸಲ್ಲುವ ಹೂವನ್ನು ನೋಡಲು ಸೆಪ್ಟೆಂಬರ್ 8, ಅವಳು ಹುಟ್ಟಿದ ದಿನ, ಬರಬೇಕು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು ಅದನ್ನು ಮೊಂತಿ ಫೆಸ್ತ್ ಎನ್ನುತ್ತಾರೆ. ಹಿಂದಿನ ಒಂಬತ್ತು ದಿನ ಮಕ್ಕಳು ಮನೆಯಂಗಳದ ಹೂವು ಕಿತ್ತು ತಟ್ಟೆ ಬುಟ್ಟಿಗಳಲ್ಲಿ ತಂದು, ಹಾಡುತ್ತಾ, ಬಾಲೆ ಮೇರಿಯ ಮೂರ್ತಿಗೆ ಎರಚುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿಸಿ ಮನೆಗೊಯ್ದು, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಕುಡಿಯುತ್ತಾರೆ. ನಮ್ಮ ಬೀದಿಯಲ್ಲೂ ಅಂಥದೊಂದು ಮನೆಯಿದೆ, ಹಬ್ಬದ ವಾರದಲ್ಲಿ ಆ ಮನೆಯ ಹುಡುಗಿ ನಮ್ಮ ಹಿತ್ತಲಿನ ದಾಸವಾಳಕ್ಕೆ ಬರುತ್ತಾಳೆ. ಅಮ್ಮ ಕೊಟ್ಟು ಕಳಿಸುವಾಗ, "ನಮ್ಮನೇಲಿರೋ ಮೇರಿಯಮ್ಮಂಗೂ ಒಂದು ಉಳಿಸು" ಅನ್ನುತ್ತಾಳೆ. ಒಮ್ಮೆ ಆ ಹುಡುಗಿ ನಮ್ಮ ಪಟವನ್ನು ನೋಡಲೇಬೇಕೆಂದು ಒಳಗೆ ಬಂದಳು. ತುಂಬಾ ಹೊತ್ತು ನೋಡಿ, ಮೇರಿಯ ಕೈಯಲ್ಲಿರುವುದು ಯಾವ ಹೂವು ಎಂದು ಕೇಳಿದಳು.

ಅದಕ್ಕೆ ಒಪ್ಪಿಗೆಯಾಗುವ ಉತ್ತರ ವಿದ್ವಾಂಸರ ಹತ್ತಿರ ಇಲ್ಲ, ಕುಲ ಮಾತ್ರ ಗೊತ್ತು. ಶಿಲುಬೆಯಂತೆ ನಾಲ್ಕೆಸಳು ಬಿಡುವ ಗಿಡಗಳದ್ದು ಒಂದು ದೊಡ್ಡ ಕುಟುಂಬ. ಸಾಸಿವೆ, ಎಲೆಕೋಸು, ಮೂಲಂಗಿ ಎಲ್ಲ ಅದರ ಸದಸ್ಯರು. ಇಟಲಿಯವರು ಹಸಿಯಾಗಿ ತಿನ್ನುವ ಘಾಟು ಸೊಪ್ಪೊಂದರ ಹೂವು ಇದು ಎಂದು ಕೆಲವರು ಗುರುತಿಸಿದ್ದಾರೆ. ಲಿಲ್ಲಿಯನ್ನು ಎಸಳೆಸಳಾಗಿ ಬಿಡಿಸಿ ಬರೆಯಬಲ್ಲವನು, ಭಕ್ತಿಚಿತ್ರಕ್ಕೆ ರೂಢಿಯಲ್ಲಿದ್ದ ಗುಲಾಬಿ ಲಿಲ್ಲಿಗಳನ್ನೆಲ್ಲ ಬಿಟ್ಟು, ದೇವರ ಮಗನ ಕೈಗೆ ತರಕಾರಿ ಪಾತಿಯ ಹೂವು ಕೊಟ್ಟ ಎಂಬುದು ನನಗೆ ಬಹಳ ಹಿಡಿಸಿತು. ಹುಡುಗಿಗೆ ಇಷ್ಟೆಲ್ಲ ವಿವರಿಸುವ ಹೊತ್ತಿಗೆ ಅಡುಗೆಮನೆಯಿಂದ ಅಮ್ಮ, "ಮೂಲಂಗಿ ಹೂವು ಬೆಳ್ಳಗೆ ಇರತ್ತೆ, ನಾಲ್ಕೇ ಎಸಳು, ನಂಜನಗೂಡಿನ ತೋಟದಲ್ಲಿ ನೋಡಿದೀನಿ" ಎಂದು ಸಾಕ್ಷಿ ನುಡಿದಳು. ಹಾಗಾದರೆ ಅದನ್ನು ದೇವರಿಗೆ ಏರಿಸುತ್ತಾರೆಯೇ ಎಂದು ಹುಡುಗಿ ಕೇಳಿದಳು. "ಏರಿಸೋದೇನು ಬಂತು, ಹೂವು ಬಿಟ್ಟ ಮೂಲಂಗಿ ನಾರಾಗತ್ತೆ, ಯಾರಿಗೂ ಬೇಡ" ಎಂದಳು ಅಮ್ಮ.

ಈ ಸಲ ಹಿತ್ತಲಿನ ಪಾತಿಯಲ್ಲಿ ಒಂದು ಸಾಲು ಮೂಲಂಗಿಯನ್ನು ಕೀಳದೆ ಬಿಟ್ಟಿದ್ದೇನೆ. ಕಾಂಡ ಮೇಲೆದ್ದಿದೆ, ಮೊಗ್ಗು ಕಂಡಿದೆ. ಹುಡುಗಿ ಶಾಲೆಯಿಂದ ಬರುತ್ತಾ ಬೇಲಿಯಿಂದ ಇಣುಕಿ ನೋಡಿಕೊಂಡು ಹೋಗುತ್ತಾಳೆ. ಅಮ್ಮ ಮಾತ್ರ ದಿನಾ ಬೆಳಿಗ್ಗೆ ಹುಳಿಗೆ ಮೂಲಂಗಿ ಇಲ್ಲ ಎಂದು ಗೊಣಗುತ್ತಾ ಅಂಗಡಿಯಿಂದ ಕಾಸು ಕೊಟ್ಟು ತರಿಸುತ್ತಿದ್ದಾಳೆ.